ಕೋಡನ್ ದೊರೆಯ ಮೀಸೆ

ಹುಟ್ಟೇ ಇಲ್ಲದ ಮನುಷ್ಯನಿಗೆ ಮೀಸೆ ಇಟ್ಟುಬಿಟ್ಟಿದ್ದೀನಿ. ಈಗ ಅದು ಎಂಥ ಮೀಸೆ ಅಂತ ಕೇಳ್ತಿದ್ದಾರೆ. ಏನಂತ ಹೇಳಲಿ?

ಇಷ್ಟನ್ನು ಡೈರಿಯಲ್ಲಿ ಬರೆದು ಗಂಗರತ್ನ ಪುಟದ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡಳು. ನೋಡುವವರು ಯಾರೂ ಇರಲಿಲ್ಲ. ಅಮ್ಮ ಭಾರತಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮುಚ್ಚಿಕೊಂಡಳು. ಸ್ವಭಾವವೇ ಹಾಗೆ. ಇಳಿಯುವ ಸ್ಟಾಪು ಬಂದಾಗ ಕಂಡಕ್ಟರಿಗೆ ಕೇಳುವಂತೆ 'ಹೋಲ್ಡಾನ್' ಅನ್ನಲಾರದೆ ಮುಂದಿನ ಊರಿನವರೆಗೂ ಹೋಗಿ, ಬಿಸಿಲಲ್ಲಿ ವಾಪಸು ನಡೆದು ಬರುವ ಹುಡುಗಿ ಅವಳು. ಆ ಡೈರಿಯಾದರೂ ಯಾವುದೋ ಮಿಲ್ಲಿನವರು ಸೋದರಮಾವನ ಬಟ್ಟೆ ಅಂಗಡಿಗೆ ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ನೆತ್ತಿಯಲ್ಲೂ 'ನಂಬಿಕೆಯೇ ನಮ್ಮ ನೇಯ್ಗೆ' ಎಂದು ಅಚ್ಚಾಗಿತ್ತು. ದಿನವೂ ಅದರ ಕೆಳಗೆ ಕೂತು ಅವಳು ತನ್ನ ಸುಳ್ಳುಗಳನ್ನು ಒಪ್ಪಿಕೊಳ್ಳಬೇಕಿತ್ತು.

ಮೀಸೆಯ ವಿಚಾರ ಮೊದಲು ಎತ್ತಿದವನು ಸೈನ್‌ಬೋರ್ಡಿನ ಪೇಂಟರು. ೧೯೮೪ರ ಕ್ಯಾಲೆಂಡರಿಗೆ ಕೋಡನ್ ದೊರೆಯ ಚಿತ್ರ ಬರೆಯಬೇಕಿತ್ತು. "ದಟ್ಟವಾದ ಮೀಸೆ ಅಂತ ಬರ್ದಿದ್ದೀರಮ್ಮ. ದಟ್ಟ ಸರಿ, ತುದಿ ಮೇಲಕ್ಕೋ ಕೆಳಕ್ಕೋ?" ಎಂದು ಬ್ರಷ್ಷು ಹಿಡಿದು ನಿಂತಿದ್ದ. ಗಂಗರತ್ನ ನೆಲ ನೋಡಿದಳು. ಅವನು ಕಾದು ಸಾಕಾಗಿ, ಎದುರಿಗೆ ಗಲ್ಲಾದಲ್ಲಿ ಕೂತಿದ್ದ ಅವಳ ಮಾವ ಕೋದಂಡರಾಮಪ್ಪನ ಮೀಸೆಯನ್ನೇ ನಕಲು ಮಾಡಿದ. ಮೂಗನ್ನೂ ಹಾಗೇ ಮಾಡಿದ. ಮೇಲೆ ಗುಲಾಬಿ ಬಣ್ಣ ಬಳಿದು ಒಂದು ಟೋಪಿ ಹಾಕಿದ. ಟೋಪಿ ತೆಗೆದರೆ ಸಾಕ್ಷಾತ್ ಕೋದಂಡರಾಮಪ್ಪ, ಬಿಸಿಲಿಗೆ ಕಂದಿದ ಕೋದಂಡರಾಮಪ್ಪ. ಮುಳಬಾಗಿಲಿನಲ್ಲಿ ಅದನ್ನು ಗುರುತಿಸಿದವರು ಒಬ್ಬರೂ ಇಲ್ಲ. ಟೋಪಿಯ ಮಹಿಮೆ ಅಂಥದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಳಬಾಗಿಲು ಸೀಮೆಯಲ್ಲಿ ಬಟ್ಟೆಗೆ ಹೆಸರು ಬಂದದ್ದು ಟೆರಿಲೀನಿನ ಜೊತೆಗೆ. ಅದಕ್ಕೆ ಮುಂಚೆ ಬಟ್ಟೆಗೆ ಬಣ್ಣವಿತ್ತು, ಒಗೆದರೆ ಕುಗ್ಗುವ ಗುಣವಿತ್ತು, ಹೆಸರಿರಲಿಲ್ಲ. ಗಂಗರತ್ನ ತಾಯಲೂರಿನಲ್ಲಿ ಮೂರನೇ ಕ್ಲಾಸು ಓದುವಾಗ ಅಶ್ವತ್ಥಪ್ಪ ಮೇಷ್ಟ್ರು ಹೊಸ ಶರ್ಟಿನ ಎದೆಗೆ ಅಂಟಿಸಿದ್ದ ಬಂಗಾರದ ಬಣ್ಣದ ಚೀಟಿಯನ್ನು ಕೀಳದೆ ಹಾಗೇ ತೊಟ್ಟು ಬಂದಿದ್ದರು. ಮಳೆ ಬಂದರೆ ಅವರು ಕೈಯಲ್ಲಿ ಮುಚ್ಚಿಕೊಳ್ಳುತ್ತಿದ್ದದ್ದು ತಲೆಯನ್ನಲ್ಲ, ಚೀಟಿಯನ್ನು. ಆಮೇಲೆ ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಹೆಸರು ಅಚ್ಚಾಗಿ ಬರತೊಡಗಿತು. ದರ್ಜಿಗಳು ಅದನ್ನು ಒಳಗೆ ಮಡಿಸಿ ಹೊಲಿದರೆ ಜಗಳ. "ದುಡ್ಡು ಕೊಟ್ಟಿರೋದೇ ಅಕ್ಷರಕ್ಕೆ, ಅದನ್ನ ಒಳಗೆ ಹಾಕ್ತೀಯಲ್ಲೋ!" ಹೊಳೂರಿನ ಒಂದು ಮದುವೆಯಲ್ಲಿ ಮದುಮಗನ ಪ್ಯಾಂಟಿನ ಕಾಲಲ್ಲಿ ಮಿಲ್ಲಿನ ಹೆಸರು ಕಾಣಲಿಲ್ಲವೆಂದು ಧಾರೆ ತಡವಾಗಿ, ಹೊಲಿಗೆ ಬಿಚ್ಚಿ ಹೆಸರನ್ನು ಹೊರಗೆ ತಂದ ಮೇಲೇ ಗಟ್ಟಿಮೇಳ ಊದಿಸಿದ್ದರು. ಹುಡುಗಿಯ ಹೆಸರು ಕರೆಯೋಲೆಯಲ್ಲಿ ತಪ್ಪಾಗಿತ್ತಂತೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಇಂಥ ಸೀಮೆಯಲ್ಲಿ ಕೋದಂಡರಾಮಪ್ಪ ಬಟ್ಟೆ ಅಂಗಡಿ ಇಟ್ಟಿದ್ದ. ಗಂಗರತ್ನನ ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನೂ ಸೋದರಸೊಸೆಯನ್ನೂ ಮನೆಗೆ ಕರೆತಂದು, ಹುಡುಗಿಯನ್ನು ಕೋಲಾರದ ಕಾಲೇಜಿನಲ್ಲಿ ಬಿ.ಎ. ಓದಿಸಿದ. ಒಳ್ಳೆಯವನೇ. ಅದನ್ನು ದಿನಕ್ಕೊಂದು ಸಲ ಜ್ಞಾಪಿಸುತ್ತಲೂ ಇದ್ದ. ೧೯೮೨ರಲ್ಲಿ ಯಾರದೋ ಮಾತು ಕೇಳಿ ಬೆಂಗಳೂರಿನ ಹರಾಜಿನಲ್ಲಿ ಹದಿನೆಂಟು ತಾನು ದಪ್ಪ ನೀಲಿ ಬಟ್ಟೆ ಹಿಡಿದು ತಂದ. ಹಾಸಿಗೆ ಹೊಲಿಸಿದರೆ ಬೆನ್ನು ಕೆರೆಯುತ್ತದೆ, ಪರದೆ ಮಾಡಿದರೆ ಗಾಳಿಗೂ ಅಲ್ಲಾಡುವುದಿಲ್ಲ. ತಾನುಗಳು ಮೂಲೆಯಲ್ಲಿ ಬಿದ್ದವು, ಬೆಕ್ಕು ಮರಿ ಹಾಕಿತು. ಆ ಬಟ್ಟೆಯಿಂದ ಮೊದಲು ಉಪಕಾರ ಪಡೆದದ್ದು ಆ ಬೆಕ್ಕು.

ಎರಡನೆಯದು ಆಂಜಿನಮ್ಮನ ತಮ್ಮ.

ಆಂಜಿನಮ್ಮ ಬೈರಕೂರಿನ ಕಡೆಯವಳು. ಹನ್ನೊಂದು ವರ್ಷದಿಂದ ಕೋದಂಡರಾಮಪ್ಪನ ಅಂಗಡಿ ಜಗಲಿಯ ಮೇಲೆ ಮಿಷನ್ನು ಹಾಕಿಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದಳು. ಬಾಯಲ್ಲಿ ಎಲೆಅಡಿಕೆ, ಸೊಂಟದಲ್ಲಿ ಹಿತ್ತಾಳೆಯ ಪುಟ್ಟ ಸುಣ್ಣದ ಡಬ್ಬಿ, ನಾಲಿಗೆಯಲ್ಲಿ ಕತ್ತರಿ. ಅವಳ ತಮ್ಮ ಶ್ರೀನಿವಾಸಪುರದ ತೋಟಗಳಲ್ಲಿ ಮಾವಿನಕಾಯಿ ಕೀಳುವ ಆಳು. ಒಂದು ಸಲ ಬಂದಾಗ ತೊಡೆಯೆಲ್ಲ ಕೆಂಜಿಗ ಇರುವೆ ಕಚ್ಚಿದ ಗುಳ್ಳೆ, ಮಾವಿನ ಸೊನೆ ಬಿದ್ದು ಸುಟ್ಟ ಕಲೆ.

"ಪಟ್ಟಾಪಟ್ಟಿ ಚಡ್ಡೀಲಿ ಮರ ಹತ್ತಿದ್ರೆ ಇನ್ನೇನಾಗುತ್ತೋ?" ಎಂದು ಬೈದು, ಬೆಕ್ಕನ್ನು ಎಬ್ಬಿಸಿ, ಆಂಜಿನಮ್ಮ ಆ ನೀಲಿ ಬಟ್ಟೆ ಎಳೆದಳು. ಮಂಡಿಗೆ ಎರಡು ಪದರ. ಕೆಂಜಿಗ ನುಗ್ಗದಂತೆ ಪಾದದ ಹತ್ತಿರ ಲಾಡಿ. ಬಲಗಡೆ ದೊಡ್ಡ ಜೇಬಿನೊಳಗೆ ಇನ್ನೊಂದು ಪುಟಾಣಿ ಜೇಬು. ಅಳತೆಗೆ ಟೇಪಿನ ಆ ತುದಿ ಹಿಡಿಯಲು ಗಂಗರತ್ನನನ್ನು ಕರೆದಿದ್ದಳು.

"ಇಷ್ಟು ಚಿಕ್ಕ ಜೇಬು ಯಾತಕ್ಕೆ, ಅಕ್ಕಯ್ಯ?" ಎಂದು ಗಂಗರತ್ನ ಕೇಳಿದಳು. ಆಂಜಿನಮ್ಮನ ಜೊತೆ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು.

ಆಂಜಿನಮ್ಮ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಬಟ್ಟೆಯ ಮೇಲಿಟ್ಟಳು. "ಮರದ ಮೇಲೆ ಎಲೆ ಹಾಕ್ಕೋಬೇಕು ಅನ್ಸಿದ್ರೆ ಸುಣ್ಣಕ್ಕೆ ಅಂತ ಕೆಳಗಿಳೀತಾನೇನೇ? ಹಿಡಿ ಟೇಪು, ಬೀಯೇ ಓದಿದೋಳು ಬರೀ ಪ್ರಶ್ನೆ ಕೇಳ್ತಾಳೆ."

ಎರಡೇ ವಾರದಲ್ಲಿ ಮಾವು ಕೀಳುವ ಇಪ್ಪತ್ತು ಜನ ಅಂಗಡಿ ಬಾಗಿಲಿಗೆ ಬಂದರು. ಪ್ಯಾಂಟು ಮುಟ್ಟಿದರು, ಎಳೆದರು, ಮಂಡಿಯ ಪದರವನ್ನು ಚಿವುಟಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ. "ಕಂಪ್ನಿ ಯಾವ್ದಣ್ಣ?"

"ಆಂಜಿನಮ್ಮ ಹೊಲಿದಿದ್ದು," ಎಂದು ಕೋದಂಡರಾಮಪ್ಪ ಮೊದಲ ದಿನ ನಿಜವನ್ನೇ ಹೇಳಿದ. ಅರ್ಧ ಜನ ಪ್ಯಾಂಟು ಕೆಳಗಿಟ್ಟು ಹೋದರು. ಮೂರು ನಿಮಿಷದ ಹಿಂದೆ ಗಟ್ಟಿಯಾಗಿದ್ದ ಬಟ್ಟೆ ಹೆಂಗಸಿನ ಹೆಸರು ಕಿವಿಗೆ ಬಿದ್ದ ಕೂಡಲೆ ಸಡಿಲವಾಗಿತ್ತು. ಕೋದಂಡರಾಮಪ್ಪ ಜೀವನದಲ್ಲಿ ನಿಜ ಹೇಳಿ ನಷ್ಟಪಟ್ಟದ್ದು ಅದೇ ಕೊನೆ.

ಸಂಜೆ ತನ್ನ ಹೆಸರನ್ನೇ ಕತ್ತರಿಗೆ ಕೊಟ್ಟ. ರಾಮನೂ ಹೋದ, ಅಪ್ಪನೂ ಹೋದ, ಉಳಿದ ಚೂರಿನ ಬಾಲ ಕತ್ತರಿಸಿ ಇಂಗ್ಲಿಷಿನಲ್ಲಿ ಬರೆದು ಓದಿದಾಗ 'ಕೋಡನ್' ಆಗಿತ್ತು. ಸೊಸೆಯನ್ನು ಕರೆದ.

"ಕೋಡನ್ ಆಫ್ ಲಂಡನ್. ಹೆಂಗೈತೆ?"

ಗಂಗರತ್ನ ಅವನು ಬರೆದ ಚೀಟಿಯನ್ನು ಎರಡು ಸಲ ಓದಿದಳು.

"ಲಂಡನ್ನಿಂದ ಮುಳಬಾಗಿಲಿಗೆ ಯಾಕೆ ಬಂತು ಅಂತ ಕೇಳಿದ್ರೆ ಏನಾದ್ರೂ ಹೇಳಬೇಕಲ್ಲ. ಅದಕ್ಕೊಂದು ಇತಿಹಾಸ ಬೇಕು ಕಣೇ. ನೀನು ಓದಿರೋದೇ ಇತಿಹಾಸ. ಮೂರು ವರ್ಷ ಓದಿಸಿದ್ದೀನಿ, ಒಂದು ಪುಟ ಬರ್ಕೊಡಕ್ಕಾಗಲ್ವಾ?"

"ಮಾವ, ಇತಿಹಾಸ ಅಂದ್ರೆ... ನಡೆದಿರಬೇಕಲ್ವಾ?" ಎಂದಳು, ಗಾಳಿಗೂ ಕೇಳಿಸದಷ್ಟು ಮೆಲ್ಲಗೆ.

"ನಡೆಯುತ್ತೆ ಬಿಡು. ಮೊದಲು ಬರಿ."

ಅವಳು ಬರೆದಳು. ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಹಳೆಯ ಪತ್ರಿಕೆ ತಿರುವಿದ್ದು ನೆನಪಿತ್ತು. ಅಮೆರಿಕದಲ್ಲಿ ಇಂಥ ದಪ್ಪ ನೀಲಿ ಪ್ಯಾಂಟನ್ನು ಗಣಿಯ ಕೆಲಸದವರಿಗೆಂದು ಹೊಲಿದರಂತೆ, ಆಮೇಲೆ ಕೆಲಸ ಮಾಡದವರೂ ಹಾಕಿಕೊಂಡರಂತೆ. ಚಿನ್ನದ ಗಣಿಗಾಗಿ ಅಷ್ಟು ದೂರ ಯಾಕೆ ಹೋಗಬೇಕು, ಪಕ್ಕದಲ್ಲೇ ಇದೆಯಲ್ಲ! ಗಂಗರತ್ನನ ಪೆನ್ನು ಓಡತೊಡಗಿತು.

'ಕ್ರಿ.ಶ. ೧೮೯೭. ಕೋಲಾರದ ಚಿನ್ನದ ಗಣಿಯ ಕಗ್ಗತ್ತಲು. ಶ್ರಮಜೀವಿಗಳ ಹರಿದ ಉಡುಪನ್ನು ಕಂಡು ಲಂಡನ್ನಿನ ಮಹನೀಯರಾದ ಕೋಡನ್ ದೊರೆಯವರ ನೀಲಿ ಕಣ್ಣುಗಳು ತೇವಗೊಂಡವು. ಅವರ ದಟ್ಟವಾದ ಮೀಸೆ ಕಂಪಿಸಿತು...' ಮಂಡಿಯ ಎರಡು ಪದರ ಗಣಿಯ ಬಂಡೆಗಾಗಿ. ಪಾದದ ಲಾಡಿ ಕಲ್ಲಿನ ಪುಡಿ ಒಳಹೋಗದಿರಲೆಂದು. ಪುಟ್ಟ ಜೇಬು? ಅಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು. 'ಈ ಕಿರುಜೇಬಿನಲ್ಲಿ ದೊರೆಯವರು ತಮ್ಮ ತಾಯಿ ಕೊಟ್ಟ ಚಿನ್ನದ ಗಡಿಯಾರವನ್ನು ಸದಾ ಇಟ್ಟುಕೊಳ್ಳುತ್ತಿದ್ದರು.'

ತಾಯಿ ಕೊಟ್ಟ ಗಡಿಯಾರ ಎಂದು ಬರೆದಾಗ ಅವಳಿಗೇ ಕಣ್ಣಲ್ಲಿ ನೀರು ಬಂತು. ಅವತ್ತಿನ ಡೈರಿಯಲ್ಲಿ ಇರುವುದು ಒಂದೇ ಸಾಲು. 'ಇವತ್ತು ಖುಷಿಯಾಯಿತು, ನಾಚಿಕೆಯಾಗುವಷ್ಟು.'

ಕರಪತ್ರ ಗುಲಾಬಿ ಕಾಗದದಲ್ಲಿ ಅಚ್ಚಾಯಿತು. ಅಂಗಡಿಯ ಸೇಲ್ಸ್‌ಮನ್ ಕದಿರೇಶ ಜೀಪಿಗೆ ಮೈಕು ಕಟ್ಟಿ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಸುತ್ತಿದ. "ಬಂದಿದೆ ಬಂದಿದೆ! ನಿಮ್ಮ ತಾತನ ಕಾಲದಲ್ಲೇ ಬಂದಿದ್ದು ನಿಮಗೆ ಗೊತ್ತಿಲ್ಲದೆ ಹೋಗಿದ್ದು, ಈಗ ಮತ್ತೆ ಬಂದಿದೆ!" ಟೂರಿಂಗ್ ಟಾಕೀಸಿನಲ್ಲಿ ಸ್ಲೈಡು ಹಾಕಿದರು. ಅಂಗಡಿಯಲ್ಲಿ ಗಲ್ಲಾದ ಪಕ್ಕ ಅರಿಶಿನದ ಬಟ್ಟಲಿಟ್ಟರು, ಯಾಕೆಂದರೆ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ತೊಡುವವರು ಈ ಕಡೆ ಇಲ್ಲ. ಲಂಡನ್ನಿನ ಪ್ಯಾಂಟಿನ ಸೊಂಟದಲ್ಲಿ ಅರಿಶಿನದ ಬೊಟ್ಟು, ಅದರ ಪಕ್ಕ ಕೋಡನ್ ಎಂಬ ಲೇಬಲ್ಲು. ಲೇಬಲ್ಲು ಹೊಲಿಯುತ್ತಿದ್ದವಳೂ ಆಂಜಿನಮ್ಮನೇ.

"ಯಾರೇ ಇವನು?" ಎಂದು ಅವಳು ಒಮ್ಮೆ ಗಂಗರತ್ನನನ್ನು ಕೇಳಿದ್ದಳು.

"ದೊರೆ," ಎಂದಿದ್ದಳು ಗಂಗರತ್ನ, ಮುಖ ತಿರುಗಿಸಿ.

"ಹೌದಾ? ಇದ್ದರೂ ಇರಬಹುದು. ಕೆಲಸ ನಾವು ಮಾಡ್ತೀವಿ, ಹೆಸರಿಗೆ ಯಾರಾದ್ರೂ ಒಬ್ರು ಬೇಕಲ್ಲ," ಎಂದು ಆಂಜಿನಮ್ಮ ದಾರ ಕಡಿದಳು.

ಕ್ಯಾಲೆಂಡರು ಬಂದ ಮೇಲೆ ಸಂಗತಿ ಕೈಮೀರಿತು. ಇಲ್ಲಿಯವರೆಗೆ ಊರಲ್ಲಿ ಕ್ಯಾಲೆಂಡರು ಎಂದರೆ ದೇವರು. ಗೋಡೆಯಲ್ಲಿ ವೆಂಕಟರಮಣ, ಲಕ್ಷ್ಮಿ, ಆಂಜನೇಯ ಸಾಲಾಗಿದ್ದರೆ ಕೊನೆಯಲ್ಲಿ ಟೋಪಿ ಹಾಕಿದ ಒಬ್ಬರಿಗೂ ಮೊಳೆ ಹೊಡೆದರು. ದೊಡ್ಡಗಂಗಮ್ಮ ಎಂಬ ಮುದುಕಿ ಶುಕ್ರವಾರ ಎಲ್ಲರಿಗೂ ಕುಂಕುಮ ಇಡುತ್ತ ದೊರೆಯ ಟೋಪಿಗೂ ಇಟ್ಟಳು. ಮೊಮ್ಮಗ ಬೈದರೆ, "ಇರ್ಲಿ ಬಿಡ್ಲಾ, ಇವನೂ ಯಾವುದೋ ಊರ ದೇವರು. ಬಟ್ಟೆ ಕೊಡೋ ದೇವರು," ಎಂದಳು. ಇದನ್ನು ಕೇಳಿ ಕೋದಂಡರಾಮಪ್ಪನಿಗೆ ಕಣ್ಣು ತುಂಬಿತು. ಕ್ಯಾಲೆಂಡರಿನಲ್ಲಿ ಇದ್ದದ್ದು ಅವನದೇ ಮುಖವಲ್ಲವೇ.

ಆಗ ಬಂದವನು ಪೆದ್ದಪ್ಪ. ಗಣಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾಗಿ ಬೈರಕೂರು ಸೇರಿದ್ದ ಎಪ್ಪತ್ತರ ಮುದುಕ. ಅಂಗಡಿಯೊಳಗೆ ಬಂದವನೇ ಕ್ಯಾಲೆಂಡರಿಗೆ ಕೈಮುಗಿದ.

"ಕೋಡನ್ ದೊರ! ನಾಕು ಬಾಗಾ ತೆಲುಸು. ಚೆನ್ನಾಗಿ ಗೊತ್ತು ನನಗೆ. ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದ್ದೀನಿ. ಬಂಗಾರದಂಥ ಮನುಷ್ಯ!"

ಗಂಗರತ್ನನ ಕೈಯಿಂದ ಪೆನ್ನು ಬಿತ್ತು.

"ಈ ಕಾಗದ ಬರ್ದಿರೋರು ಯಾರು? ನೀನಾ ತಾಯಿ? ಚೆನ್ನಾಗೈತೆ. ಆದ್ರೆ ಮೀಸೆ ತಪ್ಪು. ದಟ್ಟ ಅಲ್ಲ, ತೆಳ್ಳಗಿತ್ತು. ತುದೀಲಿ ಸ್ವಲ್ಪ ಕೆಂಪು," ಎಂದ ಪೆದ್ದಪ್ಪ, ಬಹಳ ವಿಶ್ವಾಸದಿಂದ. "ಕೂಲಿಗಳಿಗೆ ಪ್ಯಾಂಟು ಕೊಡೋವಾಗ ಅವರೇ ಕೈಯ್ಯಾರೆ ಅರಿಶಿನ ಹಚ್ಚಿ ಕೊಡ್ತಿದ್ರು. ಅದನ್ನ ಯಾಕೆ ಬರೀಲಿಲ್ಲ?"

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಗಂಗರತ್ನನಿಗೆ ಅನ್ನಿಸಲೇ ಇಲ್ಲ. ಭಯವಾದದ್ದು ಅದಕ್ಕೇ. ಅವನಿಗೆ ನಿಜವಾಗಿ ನೆನಪಾಗುತ್ತಿತ್ತು. ಕೋದಂಡರಾಮಪ್ಪ ಅವನಿಗೆ ಒಂದು ಕುರ್ಚಿ ಹಾಕಿಸಿದ. ಸಂತೆಯ ದಿನ ಪೆದ್ದಪ್ಪ ಬಂದು ಕೂತು, ಕೋಡನ್ ಪ್ಯಾಂಟು ತೊಟ್ಟು, ಕೇಳಿದವರಿಗೆಲ್ಲ ದೊರೆಯ ಕಥೆ ಹೇಳುತ್ತಿದ್ದ. ಎರಡನೇ ಕರಪತ್ರದಲ್ಲಿ ಅರಿಶಿನವೂ ಸೇರಿತು. ಮೀಸೆಯ ತುದಿಗೆ ಕೆಂಪು ಬಣ್ಣವೂ ಬಂತು. ಬಿ.ಎ. ಇತಿಹಾಸದಲ್ಲಿ 'ಮೂಲ ಆಕರಗಳು' ಎಂಬ ಪೇಪರಿನಲ್ಲಿ ಗಂಗರತ್ನನಿಗೆ ನೂರಕ್ಕೆ ನಲವತ್ತೊಂದು ಅಂಕ ಬಂದಿತ್ತು. ಯಾಕೆ ಅಷ್ಟೇ ಬಂತೆಂದು ಈಗ ಅರ್ಥವಾಯಿತು.

ಕೇಳಿದವರಿಗೆಲ್ಲ ಕೊಡಲು ಪ್ಯಾಂಟು ಸಾಲದಾಯಿತು. ಕೋದಂಡರಾಮಪ್ಪ ಬೆಂಗಳೂರಿನಲ್ಲಿ ಒಂದು ಶೆಡ್ಡು ಹಿಡಿದ. ಅಲ್ಲಿ ದಿನಕ್ಕೆ ಅರವತ್ತು ಪ್ಯಾಂಟು ಹೊಲಿಯುತ್ತಿದ್ದರು. ಮಂಡಿಯ ಎರಡನೇ ಪದರ ಹೋಯಿತು, ಬರೀ ಹೊಲಿಗೆಯ ಗೆರೆ ಉಳಿಯಿತು. ಲಾಡಿಯ ಜಾಗದಲ್ಲಿ ಹಿತ್ತಾಳೆಯ ಗುಂಡಿ ಬಂತು. ಅದು ಏನನ್ನೂ ಕಟ್ಟುತ್ತಿರಲಿಲ್ಲ, ಹೊಳೆಯುತ್ತಿತ್ತು. ಪುಟ್ಟ ಜೇಬು ಎಷ್ಟು ಪುಟ್ಟದಾಯಿತೆಂದರೆ ಅದರಲ್ಲಿ ಒಂದು ಬೆರಳೂ ಹೋಗುತ್ತಿರಲಿಲ್ಲ. ದೊರೆಯ ಗಡಿಯಾರ ಹೇಗೂ ಇರಲಿಲ್ಲವಲ್ಲ, ಯಾರಿಗೂ ತೊಂದರೆಯಾಗಲಿಲ್ಲ. ಅಂಗಡಿ ಬಾಗಿಲಿಗೆ ಗಾಜು ಹಾಕಿಸಬೇಕಾಗಿ ಬಂದು ಜಗಲಿ ಒಡೆದರು. ಜಗಲಿಯ ಜೊತೆಗೆ ಆಂಜಿನಮ್ಮನೂ ಹೋದಳು.

ಹೋಗುವ ದಿನ ಮಿಷನ್ನನ್ನು ಎತ್ತಿನ ಗಾಡಿಗೆ ಹಾಕಿಸುತ್ತ, "ನಿನ್ನ ದೊರೆನ ಕೇಳು," ಎಂದು ಗಂಗರತ್ನನಿಗೆ ಅಂದಳು, ನಗುತ್ತಲೇ. "ಬಾಬಿನಿಗೆ ದಾರ ತುಂಬೋದು ಅವನಿಗೆ ಬರುತ್ತೋ ಇಲ್ವೋ."

ಆ ದಿನ ಗಂಗರತ್ನ ಡೈರಿಯಲ್ಲಿ ಏನೂ ಬರೆಯಲಿಲ್ಲ. 'ನಂಬಿಕೆಯೇ ನಮ್ಮ ನೇಯ್ಗೆ'ಯ ಕೆಳಗೆ ಇಡೀ ಪುಟ ಖಾಲಿ.

ಆಂಜಿನಮ್ಮ ಶ್ರೀನಿವಾಸಪುರದಲ್ಲಿ ವೆಂಕಟರಾಯಪ್ಪನ ಮಾವಿನ ಮಂಡಿಯ ಜಗಲಿ ಹಿಡಿದಳು. ಅಲ್ಲಿ ಮೊದಲಿನ ಪ್ಯಾಂಟನ್ನೇ ಹೊಲಿಯತೊಡಗಿದಳು. ಎರಡು ಪದರ, ಲಾಡಿ, ಸುಣ್ಣದ ಡಬ್ಬಿ ಹಿಡಿಸುವ ಜೇಬು. ಲೇಬಲ್ಲಿಲ್ಲ. ಒಂದು ಮಾವಿನ ಸೀಸನ್ನು ಕೋಡನ್ ಪ್ಯಾಂಟು ತೊಟ್ಟು ಮರ ಹತ್ತಿ, ಹೊಳೆಯುವ ಗುಂಡಿಯ ಸಂದಿಯಿಂದ ಕೆಂಜಿಗ ನುಗ್ಗಿಸಿಕೊಂಡಿದ್ದ ಆಳುಗಳು ಮುಂದಿನ ಸೀಸನ್ನಿಗೆ, ಅಂದರೆ ಎಂಬತ್ತೈದರ ಏಪ್ರಿಲಿಗೆ, ಸದ್ದಿಲ್ಲದೆ ಅವಳ ಜಗಲಿಗೆ ತಿರುಗಿದರು. ಹೆಂಗಸು ಹೊಲಿದದ್ದು ಎಂಬ ನಾಚಿಕೆ ಕೆಂಜಿಗದ ಮುಂದೆ ನಿಲ್ಲಲಿಲ್ಲ.

ಸುದ್ದಿ ಮುಳಬಾಗಿಲು ಮುಟ್ಟಿತು. ಕೋದಂಡರಾಮಪ್ಪ ಕುದಿದುಹೋದ.

"ಡೂಪ್ಲಿಕೇಟು! ನಮ್ಮ ಕಂಪ್ನಿ ಪ್ಯಾಂಟನ್ನ ಡೂಪ್ಲಿಕೇಟು ಮಾಡ್ತಾವಳೆ! ದೊರೆ ತಲೆ ಓಡಿಸಿ ಮಾಡಿರೋ ಡಿಸೈನು ಅದು!"

ಊಟಕ್ಕೆ ಬಡಿಸುತ್ತಿದ್ದ ಭಾರತಮ್ಮ, "ಯಾವ ದೊರೆನೋ ಅಣ್ಣಯ್ಯ?" ಎಂದಳು. ಕೋದಂಡರಾಮಪ್ಪ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ದೊರೆಯ ಪರವಾಗಿ ಬಂದಿತ್ತು.

ದೂರು ವೆಂಕಟರಾಯಪ್ಪನ ಮುಂದೆ ಹೋಯಿತು. ಮಂಡಿ ಅವನದು, ಜಗಲಿ ಅವನದು, ಅಲ್ಲಿ ಯಾರು ಕೂರಬೇಕು ಯಾರು ಏಳಬೇಕು ಎಂಬುದೂ ಅವನದೇ. ನ್ಯಾಯವಂತ ಎಂದು ಹೆಸರು. "ಕದ್ದ ಡಿಸೈನು ಅಂತಾದ್ರೆ ಅವಳು ನನ್ನ ಜಗಲಿ ಮೇಲಿರೋದು ಬೇಡ, ಈ ಪ್ಯಾಂಟಿನ ಕೆಲಸಾನೂ ಬಿಡಬೇಕು. ಕದ್ದಿದ್ದಲ್ಲ ಅಂದ್ರೆ ನೀನು ಬಾಯಿ ಮುಚ್ಕೊಂಡು ಹೋಗು. ಸಾಕ್ಷಿ ತಗೊಂಡು ಬಾ," ಎಂದು ಹೇಳಿಕಳಿಸಿದ.

ಕೋದಂಡರಾಮಪ್ಪನ ಬಳಿ ಎರಡು ಸಾಕ್ಷಿ ಇದ್ದವು. ಪೆದ್ದಪ್ಪ ಮತ್ತು ಕರಪತ್ರ. ಕರಪತ್ರವನ್ನು ಓದಿ ಹೇಳಲು ಗಂಗರತ್ನ.

ಮಂಡಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸೇರಿದರು. ಹುಲ್ಲಿನ ಮೇಲೆ ಹರಡಿದ ಕಾಯಿಯ ವಾಸನೆ, ಸೊನೆಯ ಘಾಟು. ಕಾಯಿ ಕೀಳುವವರು ಇಪ್ಪತ್ತು ಇಪ್ಪತ್ತೈದು ಜನ ಕಂಬಕ್ಕೆ ಒರಗಿ ನಿಂತಿದ್ದರು. ವೆಂಕಟರಾಯಪ್ಪ ಮೆತ್ತೆಯ ಮೇಲೆ ಕೂತಿದ್ದ. ಅವನ ತಲೆಯ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಕೋಡನ್ ದೊರೆ, ಟೋಪಿಯಲ್ಲಿ ಕುಂಕುಮ. ಫಿರ್ಯಾದಿಯೂ ಅದೇ ಮುಖ, ನ್ಯಾಯಪೀಠದ ಮೇಲೂ ಅದೇ ಮುಖ. ಇದನ್ನು ಗಮನಿಸಿದವಳು ಗಂಗರತ್ನ ಒಬ್ಬಳೇ. ಅವಳಿಗೆ ನಗುವಷ್ಟು ಶಕ್ತಿ ಇರಲಿಲ್ಲ.

ಮೂಲೆಯ ನೀರಿನ ಹಂಡೆಯ ಹತ್ತಿರ ಅವಳು ಲೋಟ ಹಿಡಿದು ನಿಂತಾಗ ಆಂಜಿನಮ್ಮ ಬಂದಳು. ಸೊಂಟದಲ್ಲಿ ಅದೇ ಡಬ್ಬಿ.

"ಲೋಟ ಹಿಡ್ಕೊಂಡು ಯಾಕೆ ನಿಂತಿದ್ದೀಯೇ?"

"ಅಕ್ಕಯ್ಯ, ನಾನು..."

"ಓದಮ್ಮ ನೀನು. ಮಾವನ ಮನೇಲಿ ಉಣ್ಣೋಳು, ಇನ್ನೇನ್ ಮಾಡಕ್ಕಾಗುತ್ತೆ. ನಿನ್ನನ್ನ ನಾನು ಸಾಕ್ಷಿಗೆ ಎಳೆಯಲ್ಲ." ನೀರು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಹೋಗ್ಲಿ, ನಿನ್ನ ಅಕ್ಷರ ಚೆನ್ನಾಗಿತ್ತು ಅಂತ ಎಲ್ಲ ಅಂತಾರೆ."

ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಪೆದ್ದಪ್ಪ. ಅಪ್ಪನ ಹೆಗಲಿಂದ ಶುರುಮಾಡಿ ಮೀಸೆಯ ಕೆಂಪಿನವರೆಗೂ ಹೇಳಿದ. ಹೇಳುತ್ತ ಹೇಳುತ್ತ ಒಂದು ಕುದುರೆಯೂ ಬಂತು. ಜನ ತಲೆದೂಗಿದರು.

"ಏನಂತೀಯಮ್ಮ?" ಎಂದು ವೆಂಕಟರಾಯಪ್ಪ ಆಂಜಿನಮ್ಮನನ್ನು ಕೇಳಿದ.

"ನಾನು ಹೊಲಿದಿದ್ದು ಸ್ವಾಮಿ. ನನ್ನ ತಮ್ಮನಿಗೆ ಅಂತ ಹೊಲಿದೆ."

"ನಿನ್ನ ತಮ್ಮ ಬಿಟ್ಟು ಬೇರೆ ಯಾರಾದ್ರೂ ಸಾಕ್ಷಿ?"

ಆಂಜಿನಮ್ಮ ಗಂಗರತ್ನ ಇದ್ದ ಕಡೆ ತಿರುಗಿಯೂ ನೋಡಲಿಲ್ಲ.

"ಮಾತಿಗೇನು, ಯಾರು ಬೇಕಾದ್ರೂ ಆಡ್ತಾರೆ," ಎಂದ ಕೋದಂಡರಾಮಪ್ಪ. "ನಮ್ಮದು ಅಚ್ಚಾಗೈತೆ."

"ಅಚ್ಚಾಗಿದ್ರೆ ಸರೀನೇ," ಎಂದು ಕಂಬದ ಕಡೆಯಿಂದ ಯಾರೋ ಅಂದರು. ಆಂಜಿನಮ್ಮ ಹೊಲಿದ ಪ್ಯಾಂಟನ್ನೇ ತೊಟ್ಟುಕೊಂಡು ನಿಂತವನು.

"ಓದಮ್ಮ," ಎಂದ ವೆಂಕಟರಾಯಪ್ಪ. "ಎಲ್ಲರಿಗೂ ಕೇಳೋ ಹಂಗೆ ಓದು."

ಗಂಗರತ್ನ ಎದ್ದಳು. ಗುಲಾಬಿ ಕಾಗದವನ್ನು ಬಿಡಿಸಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಇಷ್ಟು ಜನರ ಮುಂದೆ ಬಾಯಿ ತೆರೆದಳು.

"ಕ್ರಿಸ್ತಶಕ ಸಾವಿರದ ಎಂಟುನೂರ ತೊಂಬತ್ತೇಳು..."

"ಜೋರಾಗಿ!"

"...ಕೋಲಾರದ ಚಿನ್ನದ ಗಣಿಯ ಕಗ್ಗತ್ತಲು."

ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಅಂಥ ಹೊತ್ತಿನಲ್ಲೂ ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ಮುಂದಿನ ಸಾಲುಗಳನ್ನು ಅವಸರವಾಗಿ ಓದಿದಳು. ನೀಲಿ ಕಣ್ಣುಗಳು ತೇವಗೊಂಡವು. ಮೀಸೆ ಕಂಪಿಸಿತು. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಪೆದ್ದಪ್ಪ ಕಣ್ಣೊರೆಸಿಕೊಂಡ. ಮಂಡಿಯ ಪದರ ಬಂತು, ಲಾಡಿ ಬಂತು. ಒಂದೊಂದು ಸಾಲು ಓದಿದಾಗಲೂ ಆಂಜಿನಮ್ಮನ ಒಂದೊಂದು ಹೊಲಿಗೆ ದೊರೆಯ ಪಾಲಿಗೆ ಹೋಗುತ್ತಿತ್ತು. ಕೋದಂಡರಾಮಪ್ಪ ಒಂದೊಂದಕ್ಕೂ ಬೆರಳು ಮಡಿಸುತ್ತಿದ್ದ. ಆಂಜಿನಮ್ಮ ಜಗಲಿಯ ಕಡೆ ನೋಡಿದಳು, ಅಲ್ಲಿ ಅವಳ ಮಿಷನ್ನು ಅರ್ಧ ಹೊಲಿದ ಕಾಲನ್ನು ಕಚ್ಚಿಕೊಂಡು ನಿಂತಿತ್ತು. ಅದಕ್ಕೆ ಹೊದಿಸುವ ಗೋಣಿತಾಟನ್ನು ಆಗಲೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಈ ಕಿರುಜೇಬಿನಲ್ಲಿ ದೊರೆಯವರು..." ಎಂದು ಓದಿ ಗಂಗರತ್ನ ನಿಲ್ಲಿಸಿದಳು.

"ಹೂಂ, ದೊರೆಯವರು?" ಎಂದ ವೆಂಕಟರಾಯಪ್ಪ.

ಅವಳು ಕಾಗದ ನೋಡಿದಳು. ಅಕ್ಷರಗಳು ಅಲ್ಲೇ ಇದ್ದವು, ಅಚ್ಚುಕಟ್ಟಾಗಿ.

"ಮುಂದೆ ಓದೇ," ಎಂದ ಕೋದಂಡರಾಮಪ್ಪ. "ತಾಯಿ ಕೊಟ್ಟ ಚಿನ್ನದ ಗಡಿಯಾರ. ಓದು!"

"ಗೊತ್ತಲ್ಲ, ಚೈನು ಇತ್ತು ಅದಕ್ಕೆ," ಎಂದ ಪೆದ್ದಪ್ಪ.

ಗಂಗರತ್ನ ಕಾಗದವನ್ನು ಮಡಿಸಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ. ಕಂಬಕ್ಕೆ ಒರಗಿದ್ದ ಆಳಿನ ಸೊಂಟದ ಕಡೆ ಕೈ ತೋರಿಸಿದಳು. ಬಾಯಿಂದ ಬಂದ ದನಿ ಅವಳದೇ ಎಂದು ಗುರುತು ಹಿಡಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಅಷ್ಟು ಜೋರಾಗಿತ್ತು ಅದು, ಬಸ್ಸು ನಿಲ್ಲಿಸುವಷ್ಟು.

"ಆ ಜೇಬು ಗಡಿಯಾರಕ್ಕಲ್ಲ, ಮಾವ. ಆಂಜಿನಮ್ಮನ ಸುಣ್ಣದ ಡಬ್ಬಿ ಅಳತೆ ಅದು. ಅಳತೆ ತಗೊಂಡಾಗ ಟೇಪಿನ ಆ ತುದಿ ಹಿಡ್ಕೊಂಡಿದ್ದೋಳು ನಾನು. ದೊರೆ ಅಲ್ಲಿರಲಿಲ್ಲ. ಎಲ್ಲೂ ಇರಲಿಲ್ಲ."